ಹುಲಿಗೆಪ್ಪನ ಹನ್ನೊಂದು ದಿನ

ಹಲಸೂರಿನ ಬಜಾರ್ ರಸ್ತೆಯ ಒಂದು ಮನೆಯಲ್ಲಿ ನಾನು ಬರೆದ ನಿವೃತ್ತ ಸುಬೇದಾರರೊಬ್ಬರ ಭಾವಚಿತ್ರವಿದೆ. ಅದಕ್ಕೆ ವಾರಕ್ಕೆ ಎರಡು ಸಲ ಗಡ್ಡ ಬೋಳಿಸಬೇಕು. ಮಂಗಳವಾರ ಕ್ಷೌರದಂಗಡಿಗೆ ರಜೆಯಾದ್ದರಿಂದ ಬುಧವಾರ ಒಮ್ಮೆ, ಶನಿವಾರ ಒಮ್ಮೆ. ಅವರ ಸೊಸೆ ಮರೆತು ಒಂದು ವಾರ ಬಿಟ್ಟರೆ ಗಾಜಿನೊಳಗೆ ಬಿಳಿ ಕುರುಚಲು ಎದ್ದು ನಿಲ್ಲುತ್ತದೆ. ನಂಬದಿದ್ದರೆ ಬಿಡಿ. ನನ್ನ ಪಕ್ಕದ ಮಳಿಗೆಯಲ್ಲಿ ಚಿತ್ರಗಳಿಗೆ ಫ್ರೇಮು ಕಟ್ಟುವ ಅಹ್ಮದ್ ಪಾಷಾ ಕೂಡ ನಂಬುವುದಿಲ್ಲ. "ಹಯಗ್ರೀವ್ ಸಾಬ್, ನಮ್ದು ಹತ್ರ ಎಲ್ಲಾ ಸೈಜ್ ಫ್ರೇಮ್ ಐತೆ. ನಿಮ್ದು ಬಾಯಿ ಸೈಜ್‌ದು ಮಾತ್ರ ಇಲ್ಲ," ಎನ್ನುತ್ತಾನೆ.

ನನ್ನ ವಯಸ್ಸು ಅರವತ್ತೆರಡು. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಮನುಷ್ಯನನ್ನು ಇದ್ದ ಹಾಗೆ ಬರೆಯುವವನು ನಾನೊಬ್ಬನೇ. ಇನ್ನೊಬ್ಬ ಇದ್ದಾನೆ ಎಂದು ಯಾರಾದರೂ ಹೇಳಿದರೆ ಅವನು ನನ್ನ ಶಿಷ್ಯನಾಗಿರಬೇಕು, ಇಲ್ಲವೇ ಹೇಳಿದವರ ಕನ್ನಡಕ ಬದಲಾಯಿಸಬೇಕು. ಇಪ್ಪತ್ತನೆಯ ವಯಸ್ಸಿನಲ್ಲಿ ಅಪ್ಪ ನನ್ನನ್ನು ವಿಮಾ ಕಚೇರಿಯ ಗುಮಾಸ್ತೆ ಪರೀಕ್ಷೆಗೆ ಕೂರಿಸಿದರು. ನಾನು ಉತ್ತರಪತ್ರಿಕೆಯ ತುಂಬ ಮೇಲ್ವಿಚಾರಕರ ಮುಖ ಬರೆದುಕೊಟ್ಟೆ. ಅವರು ಅದನ್ನೇ ಪಾಸ್‌ಪೋರ್ಟಿಗೆ ಅಂಟಿಸಿಕೊಂಡು ಎರಡು ದೇಶ ಸುತ್ತಿ ಬಂದರೆಂದು ಕೇಳಿದ್ದೇನೆ. ಅದೇ ಕೋಣೆಯಲ್ಲಿ ಪರೀಕ್ಷೆ ಬರೆದು ಪಾಸಾದವಳು ಅಂಬುಜಾ. ಅವಳನ್ನು ಮದುವೆಯಾದೆ. ಮೂವತ್ತೈದು ವರ್ಷ ಅವಳು ಕಚೇರಿಗೆ ಹೋದಳು, ನಾನು ಕಲೆಗೆ ಹೋದೆ.

ಮೊದಲು ಸಿನಿಮಾ ಬ್ಯಾನರು. ನಾನು ಬರೆದ ಖಳನಾಯಕನನ್ನು ನೋಡಿ ಹಲಸೂರು ಕೆರೆಯ ಬಾತುಕೋಳಿಗಳು ಮೂರು ದಿನ ದಡಕ್ಕೆ ಬರಲಿಲ್ಲ. ಆಮೇಲೆ ಫ್ಲೆಕ್ಸ್ ಬಂತು. ಬ್ಯಾನರು ಬರೆಯುತ್ತಿದ್ದವರೆಲ್ಲ ಆಟೊ ಹಿಡಿದರು. ನಾನು ಸತ್ತವರನ್ನು ಹಿಡಿದೆ.

ಸತ್ತವರ ಚಿತ್ರ ಬರೆಯುವುದೆಂದರೆ ಅವರ ಫೋಟೊ ನೋಡಿಕೊಂಡು ಬರೆಯುವುದು ಎಂದು ನೀವು ತಿಳಿದಿರಬಹುದು. ಅಷ್ಟೇ ಆಗಿದ್ದರೆ ಯಂತ್ರ ಸಾಕಿತ್ತು. ಮನೆಯವರಿಗೆ ಬೇಕಾದದ್ದು ಬೇರೆ. ಜೀವಮಾನವಿಡೀ ಬನಿಯನ್ನಿನಲ್ಲಿ ಓಡಾಡಿದ ಅಪ್ಪನಿಗೆ ಕೋಟು ಹಾಕಬೇಕು. ಒಡವೆ ಅಡವಿಟ್ಟ ಅಮ್ಮನಿಗೆ ವಜ್ರದ ಓಲೆ ತೊಡಿಸಬೇಕು. ಎಲ್ಲಕ್ಕಿಂತ ಕಷ್ಟದ ಕೆಲಸ ಕಣ್ಣು ತೆರೆಸುವುದು. ಬೈಯಪ್ಪನಹಳ್ಳಿ, ಕಗ್ಗದಾಸಪುರದ ಬಾಡಿಗೆ ಕೋಣೆಗಳಲ್ಲಿ ಇರುವ ರಾಯಚೂರು, ಕೊಪ್ಪಳದ ಕಡೆಯವರು ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಫೋನಿನಲ್ಲಿ ಒಂದು ಫೋಟೊ ತೆಗೆಯುತ್ತಾರೆ. ಎಷ್ಟೋ ಜನರಿಗೆ ಒಬ್ಬರೇ ಕೂತು ತೆಗೆಸಿಕೊಂಡ ಫೋಟೊ ಎಂದರೆ ಅದೊಂದೇ. ಅದನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದು, "ಕಣ್ಣು ತೆರಸ್ರಿ ಸರ," ಎನ್ನುತ್ತಾರೆ.

ಅಯ್ಯಮ್ಮನೂ ಹಾಗೇ ಬಂದರು, ಹೋದ ವರ್ಷ ಬೇಸಿಗೆಯಲ್ಲಿ. ಜೊತೆಗೆ ಮಗಳು ಕಾವೇರಿ, ಕಮ್ಮನಹಳ್ಳಿಯ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳ ಫೋನಿನಲ್ಲಿ ಅಯ್ಯಮ್ಮನ ಗಂಡ ಹುಲಿಗೆಪ್ಪ ಗೋಡೆಗೆ ಒರಗಿ ಕೂತಿದ್ದ. ಗಾರೆ ಕೆಲಸದವನಂತೆ. ಸಂಕ್ರಾಂತಿಯ ಮರುದಿನ ಎದೆ ಹಿಡಿದುಕೊಂಡು ಹೋಗಿಬಿಟ್ಟನಂತೆ.

"ಬೇರೆ ಫೋಟೊ ಇಲ್ವೇನಮ್ಮ?"

"ಅವ್ರ ಫೋನ್ನಾಗ ಇದ್ವು ಸರ. ಅದು ಒಡದು ಹೋತು. ಆಧಾರ ಕಾರ್ಡಿನಾಗ ಮಸಿ ಬಳದಂಗ ಕಾಣ್ತಾರ."

ನಾನು ಫೋಟೊ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಫೋಟೊ ಅಲುಗಾಡಿತ್ತು, ಮೂಗೆಲ್ಲಿ ಮುಗಿದು ಮೀಸೆ ಎಲ್ಲಿ ಶುರುವಾಗುತ್ತದೆಂದು ಹುಡುಕುತ್ತಿದ್ದೆ, ಬೇರೇನಿಲ್ಲ. ಆಮೇಲೆ ಎದೆಯುಬ್ಬಿಸಿ ಹೇಳಿದೆ: "ಹದಿನೈದು ದಿನ ಬಿಟ್ಟು ಬನ್ನಿ. ನಿಮ್ಮ ಯಜಮಾನರು ಗೋಡೆ ಮೇಲಿಂದ ನಿಮ್ಮನ್ನ ನೋಡಿ 'ಊಟ ಆಯ್ತಾ' ಅಂತ ಕೇಳದಿದ್ರೆ ನನ್ನ ಹೆಸರು ಬದಲಾಯಿಸ್ತೀನಿ."

ಈ ಮಾತು ಕೇಳಿದವರು ಸಾಮಾನ್ಯವಾಗಿ ನಗುತ್ತಾರೆ. ಅಯ್ಯಮ್ಮ ನಗಲಿಲ್ಲ. "ಕೇಳಿದ್ರ ಸಾಕ್ರಿ ಸರ," ಎಂದರು.

ಕಣ್ಣು ತೆರೆಸುವ ವಿದ್ಯೆಯನ್ನು ನಾನು ಹಿಮಾಲಯದ ಸಾಧುವೊಬ್ಬರಿಂದ ಕಲಿತೆನೆಂದು ಊರಿಗೆಲ್ಲ ಹೇಳಿಕೊಂಡಿದ್ದೇನೆ. ಅದು ಹಾಗಿರಲಿ. ಅಂಗಡಿಯ ಕಿಟಕಿಗೆ ಒಂದು ಗಡ್ಡ ಬೋಳಿಸುವ ಕನ್ನಡಿ ಸಿಕ್ಕಿಸಿಕೊಂಡಿದ್ದೇನೆ. ಮುಚ್ಚಿದ ರೆಪ್ಪೆಯ ಅಳತೆ ಹಿಡಿದು, ಕನ್ನಡಿಯಲ್ಲಿ ನನ್ನ ಕಣ್ಣು ನೋಡಿಕೊಂಡು, ಅದನ್ನೇ ಬರೆಯುತ್ತೇನೆ. ಹೆಂಗಸರಾದರೆ ರೆಪ್ಪೆಗೂದಲು ಸ್ವಲ್ಪ ಉದ್ದ. ಪೂರ್ವ ಬೆಂಗಳೂರಿನ ಇನ್ನೂರು ಮನೆಗಳ ಗೋಡೆಯಿಂದ ನನ್ನ ಕಣ್ಣುಗಳು ನೋಡುತ್ತಿವೆ. ಇದೊಂದು ಸಂಖ್ಯೆಯನ್ನು ನಾನು ಹಿಗ್ಗಿಸಿಲ್ಲ. ಯಾರೂ ಕಂಡುಹಿಡಿದಿಲ್ಲ, ಅಂಬುಜಾಳನ್ನು ಬಿಟ್ಟು. "ಸತ್ತೋರೆಲ್ಲಾ ಯಾಕ್ರೀ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅನ್ನೋ ಥರ ನೋಡ್ತಾರೆ?" ಎಂದು ಒಮ್ಮೆ ಕೇಳಿದ್ದಳು.

ಹುಲಿಗೆಪ್ಪನ ಚಿತ್ರ ಮಾತ್ರ ಎಂದಿಲ್ಲದ ಹಾಗೆ ಒದಗಿ ಬಂತು. ಕೆನ್ನೆಯ ಬಿಸಿಲುಗಪ್ಪು, ಕುತ್ತಿಗೆಯ ನರ, ಮೇಲೆ ಒಂದು ಬೂದು ಕೋಟು. ಅಯ್ಯಮ್ಮ ಬಂದು ಅದರ ಮುಂದೆ ಬಹಳ ಹೊತ್ತು ನಿಂತರು. ಸೆರಗಿನ ತುದಿಯಿಂದ ಕೋಟಿನ ಗುಂಡಿಯನ್ನು ಮುಟ್ಟಿದರು.

"ಕೋಟು ಚೊಲೊ ಐತ್ರಿ. ಕಣ್ಣೂ ಚೊಲೊ ಮಾಡೀರಿ," ಎಂದರು.

ಹೊಗಳಿಕೆ ಎಂದುಕೊಂಡೆ. ಆ ದಿನ ಪಾಷಾನಿಗೆ ಅದನ್ನೇ ಹದಿನೇಳು ಸಲ ಹೇಳಿದೆ.

ಅಲ್ಲಿಗೆ ಮುಗಿದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅದೇ ವರ್ಷ ಡಿಸೆಂಬರಿನ ಕೊನೆಯಲ್ಲಿ ಇಂದಿರಾನಗರದ ಒಂದು ಸಭಾಂಗಣದಲ್ಲಿ ಭಾವಚಿತ್ರಗಳ ಸ್ಪರ್ಧೆ ಏರ್ಪಟ್ಟಿತು. ಎದುರಿಗೆ ಮನುಷ್ಯನನ್ನು ಕೂರಿಸಿಕೊಂಡು ಬರೆದ ಚಿತ್ರಗಳಿಗೆ ಮಾತ್ರ ಪ್ರವೇಶ, ಫೋಟೊ ನೋಡಿ ಬರೆದದ್ದು ಬೇಡ ಎಂದು ನಿಯಮ. ನನ್ನ ಬಳಿ ಅಂಥದ್ದು ಒಂದೂ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಅಂಬುಜಾಳನ್ನು ಒಮ್ಮೆ ಕೂರಿಸಿದ್ದೆ. ಜೀವ ಇರುವವರ ತೊಂದರೆ ಏನೆಂದರೆ ಅವರು ತಿರುಗಿ ನಮ್ಮನ್ನು ನೋಡುತ್ತಾರೆ. ಇಪ್ಪತ್ತು ನಿಮಿಷಕ್ಕೆ ನಾನು ಕುಂಚ ಕೆಳಗಿಟ್ಟೆ. ಬರೆದದ್ದನ್ನು ನೋಡಿ ಅವಳು, "ಇದ್ಯಾರು, ನಿಮ್ಮ ಸೋದರತ್ತೆನಾ?" ಎಂದಳು. ಆಮೇಲೆ ನಾನು ಯಾರನ್ನೂ ಕೂರಿಸಲಿಲ್ಲ.

ಬೈಯಪ್ಪನಹಳ್ಳಿಗೆ ಹೋಗಿ ಅಯ್ಯಮ್ಮನಿಂದ ಹುಲಿಗೆಪ್ಪನ ಚಿತ್ರವನ್ನು ಒಂದು ವಾರಕ್ಕೆಂದು ಕೇಳಿ ತಂದೆ. "ದೊಡ್ಡ ದೊಡ್ಡೋರು ನೋಡ್ತಾರಮ್ಮ," ಎಂದೆ. ಅವರು ಅದಕ್ಕೆ ತಮ್ಮ ಒಳ್ಳೆಯ ಸೀರೆಯನ್ನೇ ಸುತ್ತಿ ಕೊಟ್ಟರು. ಸ್ಪರ್ಧೆಯ ಅರ್ಜಿಯಲ್ಲಿ, ಎದುರಿಗೆ ಕೂತವರು ಎಷ್ಟು ದಿನ ಕೂತರು ಎಂಬ ಪ್ರಶ್ನೆಯಿತ್ತು. ಹತ್ತು ಎಂದರೆ ಸುಳ್ಳಿನ ಹಾಗೆ ಕಾಣುತ್ತದೆ; ಹನ್ನೊಂದು ಎಂದು ಬರೆದೆ. ಯಾವಾಗ? ಸತ್ತ ಮೇಲೆ ಕೂರಲು ಸಾಧ್ಯವಿಲ್ಲವಲ್ಲ. ಹೋದ ಸಂಕ್ರಾಂತಿಗೆ ಮುಂಚಿನ ಹನ್ನೊಂದು ದಿನ ಎಂದು ಬರೆದೆ.

ಎರಡನೇ ಬಹುಮಾನ ಬಂತು. ತೀರ್ಪುಗಾರರು ಶಾಲು ಹೊದಿಸಿ, "ಈ ಕಣ್ಣು ನೋಡಿ. ಎದುರಿಗೆ ಜೀವಂತ ಮನುಷ್ಯ ಇಲ್ಲದೆ ಇಂಥ ಕಣ್ಣು ಬರಿಯೋಕೆ ಆಗಲ್ಲ," ಎಂದರು. ಯಾರೋ ಮೈಕು ಹಿಡಿದರು. ಮೈಕು ಕಂಡರೆ ನಾನು ನನ್ನವನಲ್ಲ. ಹುಲಿಗೆಪ್ಪ ಎಂಬ ಗಾರೆ ಕೆಲಸದವನನ್ನು ರಸ್ತೆಯಲ್ಲಿ ಕಂಡೆ, ಆ ಮುಖ ನೋಡಿ ಬಸ್ಸಿನಿಂದ ಹಾರಿ ಇಳಿದೆ, ಕಾಲಿಗೆ ಬಿದ್ದು ಕರೆತಂದೆ, ಹನ್ನೊಂದು ದಿನ ಕೆಲಸ ಬಿಟ್ಟು ಬಂದು ಬೆಟ್ಟದ ಹಾಗೆ ಅಲುಗಾಡದೆ ಕೂತ ಎಂದೆಲ್ಲ ಹೇಳಿದೆ. ಅದು ವಿಡಿಯೊ ಆಗಿ ಜನರ ಫೋನುಗಳಲ್ಲಿ ಓಡಾಡಿತು.

ನಾಲ್ಕು ದಿನದ ಮೇಲೆ ಬೆಳಿಗ್ಗೆ ಅಯ್ಯಮ್ಮ ಒಬ್ಬರೇ ಅಂಗಡಿಗೆ ಬಂದರು. ಚಿತ್ರ ಒಯ್ಯಲು ಬಂದಿರಬೇಕೆಂದು ಸೀರೆ ಸುತ್ತತೊಡಗಿದೆ. ಅವರು ಬಾಗಿಲಲ್ಲೇ ನಿಂತು ಕೇಳಿದರು:

"ಸರ, ಅವ್ರು ಇಲ್ಲಿಗಿ ಬರ್ತಿದ್ರೇನ್ರಿ?"

ನನ್ನ ಕೈ ನಿಂತಿತು.

"ಕಾವೇರಿ ಫೋನ್ನಾಗ ನಿಮ್ಮ ಮಾತು ಕೇಳಿದ್ನಿ. ಹನ್ನೊಂದ ದಿನ ಅಂದ್ರಿ. ಖರೇನ ಸರ, ಆ ಸಂಕ್ರಾಂತಿ ಮುಂದ ದಿನಾ ಮುಂಜಾನೆ ಬುತ್ತಿ ಕಟ್ಟಿಸ್ಕೊಂಡು ಹೋಗ್ತಿದ್ರು. ಮೇಸ್ತ್ರಿ ಫೋನ್ ಮಾಡಿ, ಹುಲಿಗೆಪ್ಪ ಕೆಲಸಕ್ಕ ಯಾಕ ಬರವಲ್ಲ ಅಂತ ಕೇಳಿದ. ನಾ ಕೇಳಿದ್ರ ಅವ್ರು ಬಾಯಿ ಬಿಡಲಿಲ್ಲ. ನನಗ ಎಲ್ಲಿ ಇಲ್ಲದ ಸಂಶಯ ಬಂತ್ರಿ. ಯಾವಕಿನೋ ಇಟ್ಕೊಂಡಾನ ಅಂದ್ನಿ. ಹಬ್ಬದ ದಿನ ಎಲ್ಲಾರ ಮುಂದ, 'ಎಲ್ಲಿಗಿ ಹೋಗ್ತಿಯೋ ಅಲ್ಲೇ ಹೋಗಿ ಸಾಯಿ' ಅಂದ್ನಿ. ಮರುದಿನ ಹೋಗೇಬಿಟ್ರು."

ಅಂಗಡಿಯ ಸ್ಟೂಲಿನ ಮೇಲೆ ಅವರು ಕೂತರು. ಆಮೇಲೆ ಅವರ ಮುಖ ನಿಧಾನವಾಗಿ ಬೆಳಗತೊಡಗಿತು. ಅದನ್ನು ನಾನು ಬರೆಯಲಾರೆ.

"ನಾ ಫೋಟೊ ತೋರಿಸಿದಾಗ ನೀವು ಸುಮ್ಮನಾಗಿಬಿಟ್ರಿ. ಗುರುತು ಹಿಡಿದ್ರಿ ಹೌದಲ್ರಿ? ಅರ್ಧ ಬರದದ್ದು ನಿಮ್ಮ ಹತ್ರ ಮೊದಲೇ ಇತ್ತು. ನನಗ ದುಃಖ ಆಗ್ತೈತಿ ಅಂತ ಹೇಳಲಿಲ್ಲ. ಅವ್ರು ನನಗ ಹಬ್ಬಕ್ಕ ತೋರಸ್ಬೇಕಂತ ಗುಟ್ಟು ಮಾಡಿದ್ರು. ಹಂಗ ಅಲ್ಲೇನ್ರಿ ಸರ?"

ಎಷ್ಟು ಚೊಕ್ಕವಾದ ಕಥೆ! ನಾನು ಕಟ್ಟಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ನಾನು ಮಾಡಬೇಕಾಗಿದ್ದದ್ದು ಒಂದೇ ಮಾತು ಆಡುವುದು. ಪಕ್ಕದಲ್ಲಿ ಪಾಷಾನ ಸುತ್ತಿಗೆಯ ಸದ್ದು ನಿಂತಿತ್ತು.

"ಹೌದಮ್ಮ," ಎಂದೆ.

ಅವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ದೇವರಂಥವನ ಮೇಲೆ ಕೆಸರು ಎರಚಿದೆ ಎಂದರು. ಮಣ್ಣು ಮಾಡಿದ ದಿನವೂ ನೆಂಟರ ಮುಂದೆ ಅದನ್ನೇ ಆಡಿದ್ದರಂತೆ. ಅಂದಿನಿಂದ ಮೈದುನ ದುರ್ಗೇಶ ಅವರ ಜೊತೆ ಮಾತು ಬಿಟ್ಟಿದ್ದನಂತೆ. "ಬರೋ ಭಾನುವಾರ ವರ್ಷದ ಪೂಜೆ ಐತ್ರಿ. ಸಿಂಧನೂರಿಂದ ಎಲ್ಲಾರೂ ಬರ್ತಾರ. ನೀವು ಬಂದು ಅವ್ರ ಮುಂದ ಒಂದ್ಸಲ ಹೇಳ್ರಿ. ನನಗ ಏನರ ಅನ್ಲಿ, ಅವ್ರ ಹೆಸರಿನ ಮ್ಯಾಲಿನ ಕೆಸರು ತೊಳದು ಹೋಗ್ಲಿ."

ಅವರು ಚಿತ್ರ ಎತ್ತಿಕೊಂಡು ಹೋದ ಮೇಲೆ ಪಾಷಾ ಬಂದ. ನಗಲಿಲ್ಲ.

"ಸಾಬ್, ಗಡ್ಡದ್ದು ಹೇಳಿ, ಬಾತುಕೋಳಿದು ಹೇಳಿ, ನಾವು ಕೇಳ್ತೀವಿ. ಇದು ಬೇಡ."

"ಪಾಪ, ಅವರಿಗೂ ಸಮಾಧಾನ ಆಯ್ತಲ್ಲಯ್ಯ."

"ಸಮಾಧಾನ? ಅವರು ಅಳ್ತಾ ಹೋದ್ರು. ನೀವು ನೋಡಿಲ್ಲ, ನಿಮ್ದು ಕಣ್ಣು ಕೆಳಗಿತ್ತು."

ಮನೆಯಲ್ಲಿ ಅಂಬುಜಾಳಿಗೆ ಹೇಳಿದೆ, ಅರ್ಧಂಬರ್ಧ. ಅವಳು ಹುರುಳಿಕಾಯಿ ಸೋಸುತ್ತಿದ್ದಳು. "ನೀವು ಹೋಗ್ತೀರಾ. ಕೇಳೋಕೆ ಜನ ಇದ್ದಾರೆ ಅಂದ್ರೆ ನೀವು ಸ್ಮಶಾನಕ್ಕೂ ಹೋಗ್ತೀರಾ," ಎಂದಳು. ನನಗೆ ರೋಷ ಬಂತು. ಹೋಗುವುದಿಲ್ಲ ಎಂದು ಮೂರು ಸಲ ಆಣೆ ಮಾಡಿದೆ. ಭಾನುವಾರ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಬಹುಮಾನದ ಶಾಲು ಹೊದ್ದು, ಮೆಟ್ರೊ ಹತ್ತಿದೆ.

ಹತ್ತಡಿ ಚೌಕದ ಕೋಣೆ. ಒಳಗೆ ಹದಿನೈದು ಜನ, ಹೊರಗೆ ಓಣಿಯಲ್ಲಿ ಇನ್ನಷ್ಟು. ಕುರ್ಚಿಯ ಮೇಲೆ ಹುಲಿಗೆಪ್ಪನ ಚಿತ್ರ, ಸೇವಂತಿಗೆ ಹಾರ, ಮುಂದೆ ಹೋಳಿಗೆ, ಪುಂಡಿಪಲ್ಯ, ಸಜ್ಜೆ ರೊಟ್ಟಿಯ ಎಡೆ. ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಬಾಗಿಲ ಚೌಕಟ್ಟಿಗೆ ಒರಗಿ ಗಟ್ಟಿಮುಟ್ಟಾದ ಆಳೊಬ್ಬ ನಿಂತಿದ್ದ. ಕಾವೇರಿ ನನ್ನ ಕಿವಿಯಲ್ಲಿ, "ಅವ್ರೇ ದುರ್ಗೇಶ್ ಕಾಕಾ," ಎಂದಳು.

ಅಯ್ಯಮ್ಮ ಎಲ್ಲರ ನಡುವೆ ನಿಂತರು. "ಹೋದ ವರ್ಷ ನಿಮ್ಮೆಲ್ಲರ ಮುಂದ ನಾ ಒಂದು ಮಾತು ಆಡಿದ್ನಿ. ಅದು ಸುಳ್ಳು. ನನ್ನ ಬಾಯಿಗಿ ಹುಳ ಬೀಳ್ಲಿ," ಎಂದು ಹೇಳಿ, ಹೋಗಿ ದುರ್ಗೇಶನ ಕಾಲು ಹಿಡಿದರು. ಅವರಿಗಿಂತ ಹತ್ತು ವರ್ಷ ಚಿಕ್ಕವನ ಕಾಲು.

"ಏ ಅತ್ತಿಗಿ, ಏಳು, ಏನ್ ಹಚ್ಚಿದಿ," ಎಂದು ಅವನು ಹಿಂದೆ ಸರಿದ. "ಹೇಳ್ರಿ ಸರ, ಅಣ್ಣ ಏನೇನು ಮಾತಾಡ್ದ ಹೇಳ್ರಿ. ಅವ ನಮ್ಮ ಕೂಡ ಮಾತಾಡಿದ್ದೇ ಕಡಿಮಿ."

ಅಲ್ಲೇ ನಿಲ್ಲಿಸಬಹುದಿತ್ತು. ಹೊಟ್ಟೆನೋವು ಎನ್ನಬಹುದಿತ್ತು. ಆದರೆ ಮೂವತ್ತು ಜನ ಉಸಿರು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು, ನಾನು ಶುರುಮಾಡಿಬಿಟ್ಟೆ. ಮೊದಲನೇ ದಿನ ಹುಲಿಗೆಪ್ಪ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬರಲು ನಾಚಿಕೊಂಡದ್ದು. ಎರಡನೇ ದಿನ ಬುತ್ತಿಯ ರೊಟ್ಟಿಯನ್ನು ನನಗೆ ಅರ್ಧ ಕೊಟ್ಟದ್ದು. "ನಮ್ಮಕಿ ಕೈರುಚಿ ಸರ," ಎಂದದ್ದು. ಇಲ್ಲಿ ಅಯ್ಯಮ್ಮ ಬಿಕ್ಕಿದರು. ನನಗೂ ಕಣ್ಣೀರು ಬಂತು. ನನ್ನ ಮಾತಿಗೆ ನಾನೇ ಅಳುವುದು ಹೊಸದಲ್ಲ. ಜನ ಮುಂದೆ ಮುಂದೆ ಜರುಗಿದರು. ನಾನು ಎದ್ದು ನಿಂತು ಕೈ ಬೀಸತೊಡಗಿದೆ.

"ಕಣ್ಣು ಅಂದ್ರೆ ಅದು ಕಣ್ಣು! ಹದ್ದಿನ ಕಣ್ಣು! ಏಳನೇ ದಿನ ನಾನು ಪರೀಕ್ಷೆ ಮಾಡಿದೆ. ಬಲಗಣ್ಣು ಮುಚ್ಕೊಳ್ಳಪ್ಪ ಹುಲಿಗೆಪ್ಪ, ಎಡಗಣ್ಣಲ್ಲಿ ರಸ್ತೆ ಆಚೆ ಇರೋ ಬೋರ್ಡು ಓದು ಅಂದೆ. ಒಂದಕ್ಷರ ಬಿಡದೆ ಓದ್ಬಿಟ್ಟ. ಆ ಎಡಗಣ್ಣಿನ ಹೊಳಪನ್ನೇ ನೋಡಿ, ಅಲ್ಲಿ ಚಿತ್ರದಲ್ಲಿ ಹಿಡಿದಿದೀನಿ!"

ಯಾರೂ ತಲೆಯಾಡಿಸಲಿಲ್ಲ. ಓಣಿಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳಿಸಿತು.

ದುರ್ಗೇಶ ಬಾಗಿಲು ಬಿಟ್ಟು ಒಳಗೆ ಬಂದ. "ಎಡಗಣ್ಣಿಲೆ ಓದಿದ್ನಾ?"

"ಹೌದಪ್ಪ, ಎಡ..."

"ನಮ್ಮಣ್ಣನ ಎಡಗಣ್ಣಾಗ ಸುಣ್ಣ ಬಿದ್ದು ಆರು ವರ್ಷ ಆಗಿತ್ತು. ಪೂರಾ ಬೆಳ್ಳಗ ಹೂ ಬಂದಿತ್ತು. ಆ ಕಣ್ಣಿಲೆ ಅವನಿಗಿ ಹಗಲು ರಾತ್ರಿನೂ ತಿಳೀತಿದ್ದಿಲ್ಲ. ಫೋಟೊದಾಗ ಕಣ್ಣು ಮುಚ್ಚೇತಿ, ನಿಮಗ ಗೊತ್ತಾಗಿಲ್ಲ." ಅವನು ನನ್ನ ಶಾಲಿನ ತುದಿ ಹಿಡಿದಿದ್ದ, ಎಳೆದಿರಲಿಲ್ಲ. "ಹನ್ನೊಂದ ದಿನ ಎದರಾಬದರಾ ಕೂತು ನೋಡಿದ್ರಿ?"

ಈಗ ತಿಳಿಯಿತು, ಅಯ್ಯಮ್ಮ ಕಣ್ಣು ಚೊಲೊ ಮಾಡೀರಿ ಎಂದದ್ದು ಏನೆಂದು. ಬನಿಯನ್ನಿನವನಿಗೆ ಕೋಟು ಹಾಕಿದ ಹಾಗೆ, ಕುರುಡಾದ ಕಣ್ಣನ್ನೂ ನಾನು ಬೇಕೆಂದೇ ಚೆಂದ ಮಾಡಿಕೊಟ್ಟೆನೆಂದು ಅವರು ಎಣಿಸಿದ್ದರು.

ಅಷ್ಟರಲ್ಲಿ ಅಯ್ಯಮ್ಮನೇ ನಡುವೆ ಬಂದರು. ಮೈದುನನ ಕೈಯಿಂದ ಶಾಲು ಬಿಡಿಸಿದರು. "ಸರಗ ವಯಸ್ಸಾಗೇತಿ. ಬಲಗಣ್ಣು ಅನ್ನಾಕ ಹೋಗಿ ಎಡಗಣ್ಣು ಅಂದ್ರು. ಮರ್ತಾರ. ಹೌದಲ್ರಿ ಸರ? ಬಲಗಣ್ಣಿಲೆ ಓದಿದ್ರು, ಹೌದಲ್ರಿ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ತಪ್ಪಿಸಿಕೊಳ್ಳುವ ದಾರಿಯನ್ನು ಅವರೇ ತೆರೆದು ಹಿಡಿದಿದ್ದರು. ಹೌದು ಎಂದರೆ ಸಾಕಿತ್ತು. ಆ ಮಾತನ್ನು ಆಡಿ ನನಗೆ ಅಭ್ಯಾಸವೂ ಇತ್ತು. ಆದರೆ ಇಷ್ಟು ಹತ್ತಿರದಿಂದ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

"ಇಲ್ಲಮ್ಮ," ಎಂದೆ. "ಅವರು ನನ್ನ ಅಂಗಡಿಗೆ ಬಂದಿರ್ಲಿಲ್ಲ. ನಾನು ಹುಲಿಗೆಪ್ಪನವರನ್ನ ನೋಡೇ ಇಲ್ಲ. ಸ್ಪರ್ಧೆಗೋಸ್ಕರ ಸುಳ್ಳು ಬರೆದೆ. ನೀವು ಬಂದು ಕೇಳಿದಾಗ ಇಲ್ಲ ಅನ್ನೋಕೆ ನಾಚಿಕೆ ಆಯ್ತು, ಹೌದು ಅಂದ್ಬಿಟ್ಟೆ. ರೊಟ್ಟಿ ಮಾತೂ ಸುಳ್ಳು. ಆ ಚಿತ್ರದಲ್ಲಿರೋ ಕಣ್ಣು ನಂದು, ಕನ್ನಡಿ ನೋಡ್ಕೊಂಡು ಬರೆದಿದ್ದು. ಬದುಕಿರೋರನ್ನ ಎದುರಿಗೆ ಕೂರಿಸ್ಕೊಂಡು ಬರೆಯೋಕೆ ನಂಗೆ ಬರೋದೇ ಇಲ್ಲ."

ಕಾವೇರಿ ಎದ್ದು ಹೋಗಿ ಚಿತ್ರದ ಕೊರಳಿನ ಹಾರ ತೆಗೆದಳು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು. ದುರ್ಗೇಶ ಮತ್ತೆ ಬಾಗಿಲಿಗೆ ಹೋಗಿ ನಿಂತ. ಹೊಡೆದಿದ್ದರೆ ಚೆನ್ನಾಗಿತ್ತು.

"ಹಂಗಾರ ಎಲ್ಲಿಗಿ ಹೋಗ್ತಿದ್ರು ಸರ?" ಅಯ್ಯಮ್ಮ ಕೇಳಿದರು. ಸಿಟ್ಟಿನಿಂದಲ್ಲ. ನನಗೆ ಇನ್ನೂ ಏನೋ ಗೊತ್ತಿರಬಹುದು ಎಂಬಂತೆ.

ನಾಲ್ಕಾರು ಉತ್ತರ ನಾಲಿಗೆಯ ತುದಿಗೆ ಬಂದವು, ಒಂದಕ್ಕಿಂತ ಒಂದು ಚೆಂದ. "ನಂಗೊತ್ತಿಲ್ಲಮ್ಮ," ಎಂದೆ.

"ಹನ್ನೊಂದ ದಿನ ಬ್ಯಾಡ. ಒಂದ ದಿನಾರ ಬಂದಿದ್ರೇನ್ರಿ? ಬಾಗಿಲತನಕ?"

"ಇಲ್ಲ ತಾಯಿ. ಒಂದು ದಿನಾನೂ ಬಂದಿರ್ಲಿಲ್ಲ."